ಔಷಧಿ ಬೆರೆಸಿದರೂ ಕಲ್ಲಿದ್ದಲಿನ ಧೂಳು ಅಡಗದಿದ್ದರೆ: ದೋಷ ಹುಡುಕುವ ಕ್ರಮ

ಪಂಪು ಓಡುತ್ತಿದೆ, ನಾಜಲ್‌ಗಳಿಂದ ನೀರು ಚಿಮ್ಮುತ್ತಿದೆ, ನೀರಿಗೆ ಔಷಧಿಯನ್ನೂ, ಅಂದರೆ ಧೂಳು ನೆನೆಯಲು ನೆರವಾಗುವ ರಾಸಾಯನಿಕವನ್ನೂ, ಬೆರೆಸಲಾಗಿದೆ. ಆದರೂ ಹಾಪರಿಗೆ, ಅಂದರೆ ಕಲ್ಲಿದ್ದಲು ತುಂಬುವ ದೊಡ್ಡ ಆಲಿಕೆಗೆ, ಕಲ್ಲಿದ್ದಲು ಸುರಿದ ಕೂಡಲೇ ಕಪ್ಪು ಧೂಳೆದ್ದು ಶೆಡ್ಡನ್ನು ತುಂಬಿಕೊಳ್ಳುತ್ತದೆ. ಕಳೆದ ಬೇಸಿಗೆಯಲ್ಲಿ ಹಾಸನದ ಹೊರವಲಯದ ಕಾರ್ಖಾನೆಯೊಂದರಿಂದ ನನಗೆ ಬಂದ ದೂರು ಇದು. ನಾನು ಹೋಗುವಷ್ಟರಲ್ಲಿ ಅವರು ಔಷಧಿಯ ಪ್ರಮಾಣವನ್ನು ಎರಡು ಬಾರಿ ಹೆಚ್ಚಿಸಿದ್ದರು. ನೆಲದ ಮೇಲೆ ನೊರೆ ಹರಿದು ಕಾಲು ಜಾರುತ್ತಿತ್ತು. ಧೂಳು ಮಾತ್ರ ಮೊದಲಿನಂತೆಯೇ ಇತ್ತು.

ಹಾಸನ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಕಲ್ಲಿದ್ದಲು ಗಣಿ ಇಲ್ಲ. ನಾನು ಈ ಕೆಲಸ ಕಲಿತದ್ದು ಗೋದಾವರಿ ಕಣಿವೆಯ ಭೂಗತ ಗಣಿಯಲ್ಲಿ, ಧೂಳು ನಿಯಂತ್ರಣದ ವಿಭಾಗದಲ್ಲಿ. ಆದರೆ ಬಾಯ್ಲರ್ ಇರುವಲ್ಲಿ ಕಲ್ಲಿದ್ದಲಿನ ಯಾರ್ಡ್ ಇರುತ್ತದೆ, ಯಾರ್ಡ್ ಇರುವಲ್ಲಿ ಸಲಿಕೆ ಹಿಡಿದ ಕೈಗಳಿರುತ್ತವೆ. ಗಣಿಯೊಳಗೆ ಶ್ವಾಸಕೋಶಕ್ಕೆ ಇಳಿಯುವ ಧೂಳೇ ಇಲ್ಲಿಯೂ ಇಳಿಯುತ್ತದೆ. ಹಾಗಾಗಿ ಗಣಿಯಲ್ಲಿ ನಾವು ದೋಷ ಹುಡುಕುತ್ತಿದ್ದ ಕ್ರಮವನ್ನೇ, ಈ ಕಾರ್ಖಾನೆಯಲ್ಲಿ ನಡೆದುದನ್ನು ಉದಾಹರಣೆಯಾಗಿಟ್ಟುಕೊಂಡು, ಇಲ್ಲಿ ಬರೆಯುತ್ತಿದ್ದೇನೆ.

ನೀರನ್ನು ಕಲ್ಲಿದ್ದಲು ಏಕೆ ಒಲ್ಲದು

ಕೆಸುವಿನ ಎಲೆಯ ಮೇಲೆ ಮಳೆಹನಿ ಬಿದ್ದಾಗ ಏನಾಗುತ್ತದೆ ಎಂಬುದನ್ನು ಮಲೆನಾಡಿನವರಿಗೆ ಹೇಳಬೇಕಾಗಿಲ್ಲ. ಹನಿ ಮುತ್ತಿನಂತೆ ದುಂಡಗೆ ನಿಂತು, ಎಲೆ ಅಲುಗಿದೊಡನೆ ಉರುಳಿಹೋಗುತ್ತದೆ. ಎಲೆ ಒಣಗಿಯೇ ಇರುತ್ತದೆ. ಹೊಸದಾಗಿ ಒಡೆದ ಕಲ್ಲಿದ್ದಲಿನ ಮೈಯೂ ಬಹುಮಟ್ಟಿಗೆ ಹಾಗೆಯೇ. ಅದರಲ್ಲಿ ಎಣ್ಣೆಯ ಗುಣವುಳ್ಳ ಇಂಗಾಲದ ಭಾಗ ಹೆಚ್ಚು, ನೀರನ್ನು ಸೆಳೆಯುವ ಭಾಗ ಕಡಿಮೆ. ಇತ್ತ ನೀರಿಗೆ ತನ್ನನ್ನು ತಾನೇ ಬಿಗಿಹಿಡಿದುಕೊಳ್ಳುವ ಗುಣವಿದೆ. ಇದನ್ನು ಮೇಲ್ಮೈ ಎಳೆತ ಎನ್ನುತ್ತೇವೆ. 25 ಡಿಗ್ರಿ ಉಷ್ಣತೆಯಲ್ಲಿ ಶುದ್ಧ ನೀರಿನ ಮೇಲ್ಮೈ ಎಳೆತ ಮೀಟರಿಗೆ ಸುಮಾರು 72 ಮಿಲಿನ್ಯೂಟನ್. ಕಲ್ಲಿದ್ದಲಿನ ಮೈಮೇಲೆ ದ್ರವವೊಂದು ತಾನಾಗಿ ಹರಡಿಕೊಳ್ಳಬೇಕಾದರೆ ಆ ಎಳೆತ ಸುಮಾರು 45ರ ಆಸುಪಾಸಿಗೆ ಇಳಿಯಬೇಕು. ನಾವು ಔಷಧಿ ಎನ್ನುವ ಸರ್ಫ್ಯಾಕ್ಟಂಟ್ ಮಾಡುವ ಕೆಲಸ ಇದೇ. ಅದರ ಅಣುವಿನ ಒಂದು ತುದಿಗೆ ನೀರು ಇಷ್ಟ, ಇನ್ನೊಂದು ತುದಿಗೆ ಎಣ್ಣೆ ಇಷ್ಟ. ಎಣ್ಣೆ ಬಯಸುವ ಬಾಲ ಕಲ್ಲಿದ್ದಲಿಗೆ ಅಂಟಿಕೊಂಡು, ನೀರು ಬಯಸುವ ತಲೆ ಹೊರಗೆ ಚಾಚಿದರೆ, ಕಲ್ಲಿದ್ದಲಿನ ಕಣ ನೀರನ್ನು ಒಪ್ಪಿಕೊಳ್ಳುತ್ತದೆ.

ಕಾಫಿ, ಅಡಿಕೆ ಬೆಳೆಗಾರರಿಗೆ ಇದು ಹೊಸ ವಿಷಯವಲ್ಲ. ಗಿಡಕ್ಕೆ ಔಷಧಿ ಹೊಡೆಯುವಾಗ ವೆಟ್ಟಿಂಗ್ ಏಜೆಂಟ್ ಸೇರಿಸುವುದು ಇದೇ ಕಾರಣಕ್ಕೆ. ಆದರೆ ಒಂದು ಎಚ್ಚರಿಕೆ ಬೇಕು. ಬೋರ್ಡೋ ದ್ರಾವಣಕ್ಕೆ ಹಾಕುವ ರಾಳದ ಅಂಟಿನ ಕೆಲಸ ಬೇರೆ: ಮಳೆಗೆ ತೊಳೆದುಹೋಗದಂತೆ ಮದ್ದನ್ನು ಹಿಡಿದು ನಿಲ್ಲಿಸುವುದು. ಅದನ್ನು ತಂದು ಕಲ್ಲಿದ್ದಲಿಗೆ ಹೊಡೆದರೆ ನಾಜಲ್ ಕಟ್ಟಿಕೊಳ್ಳುವುದೇ ಹೊರತು ಧೂಳು ನೆನೆಯುವುದಿಲ್ಲ. ಈ ಪ್ರಯೋಗ ಮಾಡಿ ಕೈಸುಟ್ಟುಕೊಂಡ ಯಾರ್ಡೊಂದನ್ನು ನಾನು ನೋಡಿದ್ದೇನೆ.

ಮೊದಲು ನೀರು ತಲುಪುತ್ತಿದೆಯೇ ನೋಡಿ

ಔಷಧಿಯ ವಿಚಾರಕ್ಕೆ ಹೋಗುವ ಮುನ್ನ ಅರ್ಧ ಗಂಟೆ ಪೈಪಿನ ಜೊತೆ ಕಳೆಯಿರಿ. ಪ್ರತಿ ನಾಜಲ್‌ನ ಕೆಳಗೆ ಬಕೆಟ್ ಹಿಡಿದು ಒಂದು ನಿಮಿಷದಲ್ಲಿ ಬಿದ್ದ ನೀರನ್ನು ಅಳೆಯಿರಿ. ತಯಾರಕರು ಹೇಳಿದ್ದಕ್ಕಿಂತ ಕಡಿಮೆ ಬಂದರೆ ಎಲ್ಲೋ ಕಟ್ಟಿಕೊಂಡಿದೆ. ಹೆಚ್ಚು ಬಂದರೆ ತೂತು ಸವೆದು ಅಗಲವಾಗಿದೆ, ಹನಿ ದಪ್ಪವಾಗಿದೆ. ಎರಡೂ ದೋಷವೇ. ಪ್ರೆಷರ್ ಗೇಜನ್ನು ಪಂಪಿನ ಬಳಿ ನೋಡಿದರೆ ಸಾಲದು, ಕೊನೆಯ ನಾಜಲ್‌ನ ಹತ್ತಿರವೂ ನೋಡಬೇಕು. ಹೆಚ್ಚು ನೀರು ಬೇಕೆಂದು ಒತ್ತಡ ಏರಿಸುವವರು ಒಂದು ಲೆಕ್ಕ ನೆನಪಿಟ್ಟುಕೊಳ್ಳಲಿ: ಅದೇ ನಾಜಲ್‌ನಿಂದ ಎರಡು ಪಟ್ಟು ನೀರು ಬರಬೇಕಾದರೆ ಒತ್ತಡ ನಾಲ್ಕು ಪಟ್ಟಾಗಬೇಕು. ನಾಜಲ್ ಬದಲಿಸುವುದು ಅದಕ್ಕಿಂತ ಅಗ್ಗ.

ನಮ್ಮ ಕಾರ್ಖಾನೆಯಲ್ಲಿ ಬಕೆಟ್ ಪರೀಕ್ಷೆಯಲ್ಲಿ ಎರಡು ನಾಜಲ್ ಸೋತವು. ಬಿಚ್ಚಿ ನೋಡಿದರೆ ಫಿಲ್ಟರಿನ ಜಾಲರಿಯ ಮೇಲೆ ಮರಳಿರಲಿಲ್ಲ. ಬಿಳಿಯ, ಬೆರಳಿಗೆ ಜಿಡ್ಡಾಗಿ ಹತ್ತುವ ಲೋಳೆಯಂಥ ವಸ್ತು ಇತ್ತು. ಹಿರಿಯ ಬಾಯ್ಲರ್ ಕೆಲಸಗಾರರೊಬ್ಬರು ಅದನ್ನು ಉಜ್ಜಿ ನೋಡಿ, "ಸರ್, ನಮ್ಮ ಮನೆಯ ಬಚ್ಚಲಲ್ಲಿ ಸೋಪು ಹಾಕಿದರೆ ಬಕೆಟ್ಟಿಗೆ ಹತ್ತುವುದು ಇದೇ ಅಲ್ಲವೇ?" ಎಂದರು. "ನಿಮ್ಮೂರು ಯಾವುದಣ್ಣ?" ಎಂದು ಕೇಳಿದೆ. ಅರಸೀಕೆರೆ ಕಡೆಯವರು. ಬೋರ್‌ವೆಲ್ ನೀರಿನಲ್ಲಿ ಸೋಪು ನೊರೆ ಬಿಡದೆ ಒಡೆದುಹೋಗುವುದನ್ನು ಬಾಲ್ಯದಿಂದ ನೋಡಿದವರು. ದೋಷದ ಅರ್ಧ ಉತ್ತರವನ್ನು ಅವರು ಆಗಲೇ ಹೇಳಿಬಿಟ್ಟಿದ್ದರು. ಆದರೆ ಊಹೆಯ ಮೇಲೆ ಔಷಧಿ ಬದಲಿಸುವುದು ನನಗೆ ಒಪ್ಪಿಗೆಯಿಲ್ಲ. ಪರೀಕ್ಷೆ ಮಾಡಲೇಬೇಕು.

ನಾಲ್ಕು ಲೋಟಗಳ ಪರೀಕ್ಷೆ

ಇಡೀ ಕ್ರಮದಲ್ಲಿ ನಾನು ಹೆಚ್ಚು ನಂಬುವುದು ಇದನ್ನೇ. ಬೇಕಾದದ್ದು ನಾಲ್ಕು ಗಾಜಿನ ಲೋಟ, ಮೊಬೈಲಿನ ಸ್ಟಾಪ್‌ವಾಚ್, ನುಣ್ಣನೆಯ ಜರಡಿ, ಒಂದಿಷ್ಟು ಕಲ್ಲಿದ್ದಲು. 75 ಮೈಕ್ರಾನ್ ಜರಡಿ, ಅಂದರೆ 200 ಮೆಶ್, ಸಿಕ್ಕರೆ ಉತ್ತಮ.

ಮೊದಲ ಲೋಟದಲ್ಲಿ ಬರಿಯ ಡಿಸ್ಟಿಲ್ಡ್ ವಾಟರ್ ಇರಲಿ; ಬ್ಯಾಟರಿಗೆ ಹಾಕಲು ಮಾರುವುದೇ ಸಾಕು. ಎರಡನೆಯದರಲ್ಲಿ ಅದೇ ಡಿಸ್ಟಿಲ್ಡ್ ವಾಟರಿಗೆ ಯಾರ್ಡಿನಲ್ಲಿ ಬಳಸುವ ಪ್ರಮಾಣದಲ್ಲೇ ಔಷಧಿ ಬೆರೆಸಿ. ಮೂರನೆಯದರಲ್ಲಿ ಯಾರ್ಡಿನ ನೀರಿಗೆ ಅದೇ ಪ್ರಮಾಣದ ಔಷಧಿ. ನಾಲ್ಕನೆಯದಕ್ಕೆ ಓಡುತ್ತಿರುವ ನಾಜಲ್‌ನ ಬಾಯಿಂದಲೇ ನೀರು ಹಿಡಿಯಿರಿ. ಪ್ರತಿ ಲೋಟದಲ್ಲೂ ನೀರಿನ ಮಟ್ಟ ಒಂದೇ ಇರಬೇಕು. ಜರಡಿ ಹಿಡಿದ ಒಣ ಧೂಳನ್ನು ಒಂದು ಚಿಟಿಕೆ, ಪ್ರತಿ ಸಲವೂ ಅಷ್ಟೇ, ಮೇಲ್ಮೈಯ ಹತ್ತಿರದಿಂದ ಮೆಲ್ಲಗೆ ಉದುರಿಸಿ, ಅದೆಲ್ಲ ಮುಳುಗಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಬರೆದಿಟ್ಟುಕೊಳ್ಳಿ. ಕಲಕಬಾರದು, ಲೋಟ ಅಲುಗಿಸಬಾರದು. ಮೂರು ಮೂರು ಬಾರಿ ಮಾಡಿ.

ಈಗ ಓದುವ ಬಗೆ. ಎರಡನೆಯ ಲೋಟದಲ್ಲಿ ಧೂಳು ಬೇಗ ಮುಳುಗಿ, ಮೂರನೆಯದರಲ್ಲಿ ತೇಲುತ್ತಲೇ ಇದ್ದರೆ ದೋಷ ನಿಮ್ಮ ನೀರಿನದು. ಎರಡರಲ್ಲೂ ಮುಳುಗಿ ನಾಲ್ಕನೆಯದರಲ್ಲಿ ಮಾತ್ರ ತೇಲಿದರೆ ಔಷಧಿ ನಾಜಲ್‌ವರೆಗೆ ಬರುತ್ತಲೇ ಇಲ್ಲ: ನೀರಿಗೆ ಔಷಧಿ ಸೇರಿಸುವ ಡೋಸಿಂಗ್ ಪಂಪಿನ ಹೀರುಕೊಳವೆ ಗಾಳಿ ಎಳೆಯುತ್ತಿರಬಹುದು, ಅಥವಾ ಡ್ರಮ್ಮಿನ ತಳಕ್ಕೆ ತಲುಪದೆ ಮೇಲೇ ನಿಂತಿರಬಹುದು. ಎರಡನೆಯದರಲ್ಲೂ ತೇಲಿದರೆ ಆ ಔಷಧಿ ಈ ಕಲ್ಲಿದ್ದಲಿಗೆ ಹೊಂದುವುದಿಲ್ಲ, ಇಲ್ಲವೇ ಸಾಕಾಗುತ್ತಿಲ್ಲ. ಎಲ್ಲದರಲ್ಲೂ ಮುಳುಗಿದರೆ, ಬರಿಯ ನೀರಿನಲ್ಲೂ ಮುಳುಗಿದರೆ, ನಿಮಗೆ ಔಷಧಿಯೇ ಬೇಕಾಗಿಲ್ಲ. ದೋಷವನ್ನು ನಾಜಲ್ ಇಟ್ಟ ಜಾಗದಲ್ಲಿ ಹುಡುಕಿ.

ಪರೀಕ್ಷೆಗೆ ಧೂಳು ಎಲ್ಲಿಂದ ತರುತ್ತೀರಿ ಎಂಬುದು ಬಹಳ ಮುಖ್ಯ. ನಾವು ಮೊದಲ ಸಲ ಮಾಡಿದಾಗ ಮೇಲ್ವಿಚಾರಕರು ಶೆಡ್ಡಿನ ತೊಲೆಯ ಮೇಲೆ ಕೂತಿದ್ದ ಧೂಳನ್ನು ಗುಡಿಸಿ ತಂದಿದ್ದರು. ನುಣ್ಣಗಿದೆ, ಜರಡಿ ಹಿಡಿಯುವ ಕೆಲಸ ತಪ್ಪಿತು ಎಂಬುದು ಅವರ ಲೆಕ್ಕ. ಅದು ಬರಿಯ ನೀರಿನಲ್ಲೂ ಸಲೀಸಾಗಿ ಮುಳುಗಿತು. ತಿಂಗಳುಗಟ್ಟಲೆ ಗಾಳಿಗೆ ತೆರೆದುಕೊಂಡ ಕಲ್ಲಿದ್ದಲು ಆಮ್ಲಜನಕವನ್ನು ಹಿಡಿದುಕೊಂಡು ನೀರಿಗೆ ಒಗ್ಗಿಹೋಗಿರುತ್ತದೆ. ಹಾಪರಿನಲ್ಲಿ ಏಳುವ ಧೂಳು ಅದಲ್ಲ. ಅಂದೇ ಬಂದ ಲಾರಿಯಿಂದ ಗಟ್ಟಿ ಉಂಡೆ ತೆಗೆದು, ಒಡೆದು, ಕುಟ್ಟಿ, ಆಗಲೇ ಜರಡಿ ಹಿಡಿದು ಪರೀಕ್ಷಿಸಬೇಕು. ಕಲ್ಲಿದ್ದಲು ಸಾಗಿಸುವ ಕನ್ವೇಯರಿನ ಗ್ರೀಸ್ ಬಿದ್ದ ಜಾಗದ ಧೂಳನ್ನೂ ಮುಟ್ಟಬೇಡಿ. ಅದು ಯಾವ ನೀರಿನಲ್ಲೂ ಮುಳುಗದೆ ದಾರಿ ತಪ್ಪಿಸುತ್ತದೆ.

ಕಲ್ಲಿದ್ದಲು ಬಂದ ಮೂಲ ಬದಲಾಗಿದೆಯೇ ಎಂದೂ ಕೇಳಿ. ಮಂಗಳೂರು ಬಂದರಿನಿಂದ ಶಿರಾಡಿ ಘಾಟಿ ಹತ್ತಿ ಬರುವ ಆಮದು ಕಲ್ಲಿದ್ದಲು ಒಂದು ಬಗೆ, ರೈಲಿನಲ್ಲಿ ಬರುವ ದೇಶೀ ಕಲ್ಲಿದ್ದಲು ಇನ್ನೊಂದು ಬಗೆ. ಎಳೆಯ ಕಲ್ಲಿದ್ದಲು, ಮುಖ್ಯವಾಗಿ ಲಿಗ್ನೈಟ್, ನೀರನ್ನು ಸುಲಭವಾಗಿ ಹಿಡಿಯುತ್ತದೆ. ಬಲಿತ ಬಿಟುಮಿನಸ್ ಕಲ್ಲಿದ್ದಲು ಒಲ್ಲದು. ಬೂದಿಯ ಅಂಶ ಹೆಚ್ಚಿದ್ದರೆ ಅದರೊಳಗಿನ ಜೇಡಿ ನೀರನ್ನು ಎಳೆದುಕೊಳ್ಳುತ್ತದೆ. ತೈಲ ಶುದ್ಧೀಕರಣದಿಂದ ಬರುವ ಪೆಟ್ ಕೋಕನ್ನು ಬೆರೆಸಿದ್ದರೆ ಇನ್ನಷ್ಟು ಹಟಮಾರಿಯಾಗುತ್ತದೆ. ಕಳೆದ ವರ್ಷ ಕೆಲಸ ಮಾಡಿದ ಔಷಧಿ ಈ ವರ್ಷ ಸೋತರೆ ಔಷಧಿಯನ್ನೇ ದೂರುವಂತಿಲ್ಲ.

ನಮಗೆ ಸಿಕ್ಕ ದೋಷ: ಗಡಸು ನೀರು

ಹೊಸ ಧೂಳಿನೊಂದಿಗೆ ಮತ್ತೆ ಲೋಟ ಜೋಡಿಸಿದಾಗ ಎರಡನೆಯದರಲ್ಲಿ ಧೂಳು ಕಣ್ಣೆದುರೇ ಎಳೆ ಎಳೆಯಾಗಿ ಇಳಿಯಿತು. ಮೂರನೆಯದರಲ್ಲಿ ಕಪ್ಪು ಕೆನೆಯಂತೆ ಮೇಲೆಯೇ ನಿಂತಿತು. ಊಟ ಮುಗಿಸಿ ಬಂದು ನೋಡಿದಾಗಲೂ ನಿಂತೇ ಇತ್ತು. ಲೋಟದ ನೀರು ಮಸುಕಾಗಿ ತಳದಲ್ಲಿ ಬಿಳಿಯ ಚೂರುಗಳು ಕೂತಿದ್ದವು. ಫಿಲ್ಟರಿನಲ್ಲಿ ಕಂಡ ಲೋಳೆ ಇದೇ.

ಕಾರಣ ಹೀಗಿದೆ. ಅಗ್ಗವಾಗಿ ಸಿಗುವ ಬಹಳಷ್ಟು ಸರ್ಫ್ಯಾಕ್ಟಂಟ್‌ಗಳ ತಲೆ ಋಣ ವಿದ್ಯುದಂಶ ಹೊತ್ತಿರುತ್ತದೆ. ಬಟ್ಟೆ ಒಗೆಯುವ ಪುಡಿಯಲ್ಲಿರುವುದೂ ಈ ಜಾತಿಯದೇ. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂಗಳು ಧನ ವಿದ್ಯುದಂಶದವು. ಎರಡೂ ಕೂಡಿ ಕರಗದ ಲವಣವಾಗಿ ತಳಕ್ಕಿಳಿಯುತ್ತವೆ. ಕಲ್ಲಿದ್ದಲನ್ನು ಮುಟ್ಟುವ ಮೊದಲೇ ಔಷಧಿ ಟ್ಯಾಂಕಿನಲ್ಲಿ ಸತ್ತುಹೋಗಿರುತ್ತದೆ. ಕುಡಿಯುವ ನೀರಿಗೆ ಭಾರತೀಯ ಮಾನಕ ಒಪ್ಪುವ ಗಡಸುತನ ಲೀಟರಿಗೆ 200 ಮಿಲಿಗ್ರಾಂ, ಬೇರೆ ಮೂಲ ಇಲ್ಲದಾಗ 600. ನಮ್ಮ ಬಯಲುಸೀಮೆಯ ಬೋರ್‌ವೆಲ್‌ಗಳನ್ನು ನಂಬಿ ಇಂಥ ಔಷಧಿ ಕೊಳ್ಳುವ ಮುನ್ನ ನೀರನ್ನು ಪರೀಕ್ಷೆಗೆ ಕೊಡಲೇಬೇಕು. ಟಿಡಿಎಸ್ ಮೀಟರ್ ಅದ್ದಿ ಸುಮ್ಮನಾಗಬೇಡಿ. ಅದು ಕರಗಿದ ಎಲ್ಲ ಲವಣಗಳನ್ನೂ ಒಟ್ಟಾಗಿ ತೋರಿಸುತ್ತದೆ. ಅದರಲ್ಲಿ ಗಡಸುತನದ ಪಾಲೆಷ್ಟು ಎಂದು ಹೇಳುವುದಿಲ್ಲ. ಗಡಸುತನಕ್ಕೆಂದೇ ಹನಿ ಹಾಕಿ ನೋಡುವ ಕಿಟ್ ಬೇಕು, ಇಲ್ಲವೇ ಪ್ರಯೋಗಾಲಯ.

ಔಷಧಿ ಮಾರಿದವರು ಸುಳ್ಳು ಹೇಳಿರಲಿಲ್ಲ. ಅವರು ಪ್ರಾತ್ಯಕ್ಷಿಕೆ ತೋರಿಸಿದಾಗ ಕಚೇರಿಯ ಫಿಲ್ಟರ್ ನೀರನ್ನು ಬಳಸಿದ್ದರು. ಅದರಲ್ಲಿ ಗಡಸುತನವೇ ಇರಲಿಲ್ಲ. ಪರೀಕ್ಷೆಯನ್ನು ಯಾರ್ಡಿನ ನೀರಿನಲ್ಲೇ ತೋರಿಸಿ ಎಂದು ಕೊಳ್ಳುವವರು ಅಂದು ಒಂದು ಮಾತು ಕೇಳಿದ್ದರೆ ಆರು ತಿಂಗಳ ಧೂಳು ತಪ್ಪುತ್ತಿತ್ತು ಎಂಬುದು ನನಗೆ ಈಗಲೂ ನೋವಿನ ಸಂಗತಿ.

ಇಲ್ಲಿ ಎರಡು ದಾರಿಗಳಿದ್ದವು. ಮೊದಲನೆಯದು ನೀರನ್ನು ಮೆದುಗೊಳಿಸುವುದು. ಬಾಯ್ಲರ್ ಇರುವ ಕಾರ್ಖಾನೆಯಲ್ಲಿ ಸಾಫ್ಟ್‌ನರ್ ಇದ್ದೇ ಇರುತ್ತದೆ, ಏಕೆಂದರೆ ಗಡಸು ನೀರು ಬಾಯ್ಲರ್ ಕೊಳವೆಗಳಲ್ಲಿ ಹಿಟ್ಟುಗಟ್ಟಿ ಅವುಗಳನ್ನು ಕೆಡಿಸುತ್ತದೆ. ಯಾರ್ಡಿನಿಂದ ಐವತ್ತು ಹೆಜ್ಜೆ ದೂರದಲ್ಲಿ ಮೆದು ನೀರು ಹರಿಯುತ್ತಿತ್ತು! ಅಲ್ಲಿಂದ ತಾತ್ಕಾಲಿಕವಾಗಿ ಒಂದು ಪೈಪ್ ಎಳೆದು, ಟ್ಯಾಂಕನ್ನು ತೊಳೆದು ತುಂಬಿಸಿದೆವು. ಅದೇ ಔಷಧಿ, ಮಾರಿದವರು ಮೊದಲು ಹೇಳಿದ್ದ ಸಾವಿರ ಲೀಟರಿಗೆ ಒಂದು ಲೀಟರಿನ ಪ್ರಮಾಣ. ಅಂದು ಮಧ್ಯಾಹ್ನವೇ ಕನ್ವೇಯರ್ ಮೇಲಿನ ಕಲ್ಲಿದ್ದಲು ಒದ್ದೆ ಮಣ್ಣಿನ ಬಣ್ಣಕ್ಕೆ ತಿರುಗಿತು. ದೋಷ ಸಾಬೀತಾಯಿತು. ಆದರೆ ದಿನವೂ ಅಷ್ಟು ನೀರನ್ನು ಬಿಟ್ಟುಕೊಡಲು ಸಾಫ್ಟ್‌ನರಿಗೆ ಶಕ್ತಿಯಿರಲಿಲ್ಲ. ಅದಕ್ಕೆ ಹಾಕಬೇಕಾದ ಉಪ್ಪಿನ ಖರ್ಚೂ ಏರುತ್ತಿತ್ತು. ಹಾಗಾಗಿ ಎರಡನೆಯ ದಾರಿ ಹಿಡಿದೆವು: ವಿದ್ಯುದಂಶವಿಲ್ಲದ ತಲೆಯ, ಅಂದರೆ ನಾನ್‌ಅಯಾನಿಕ್ ಸರ್ಫ್ಯಾಕ್ಟಂಟ್. ಗಡಸುತನ ಅದನ್ನು ಅಷ್ಟಾಗಿ ಬಾಧಿಸುವುದಿಲ್ಲ. ಹಳೆಯ ಔಷಧಿಯೊಂದಿಗೆ ಹೊಸದನ್ನು ಬೆರೆಸದೆ, ಪೈಪ್‌ಗಳನ್ನು ಪೂರ್ತಿ ತೊಳೆದ ಮೇಲೆಯೇ ಬದಲಿಸಿದೆವು.

ನಾನ್‌ಅಯಾನಿಕ್ ಕೊಳ್ಳುವಾಗ ಎರಡು ಪ್ರಶ್ನೆ ಕೇಳಬೇಕು. ಒಂದು, ಅದರ ಕ್ಲೌಡ್ ಪಾಯಿಂಟ್ ಎಷ್ಟು? ಒಂದು ಉಷ್ಣತೆ ದಾಟಿದರೆ ಈ ಜಾತಿಯ ಔಷಧಿ ನೀರಿನಿಂದ ಬೇರ್ಪಟ್ಟು ಮಸುಕಾಗುತ್ತದೆ. ಬಿಸಿಲಿನಲ್ಲಿ ನಿಂತ ಕಪ್ಪು ಪ್ಲಾಸ್ಟಿಕ್ ಟ್ಯಾಂಕಿನ ನೀರು ಏಪ್ರಿಲ್ ಮಧ್ಯಾಹ್ನ ಕೈಗೆ ಬಿಸಿ ಹತ್ತುತ್ತದೆ. ಬೆಳಿಗ್ಗೆ ಧೂಳು ಅಡಗಿ ಮಧ್ಯಾಹ್ನ ಮತ್ತೆ ಏಳುತ್ತದೆ ಎಂಬ ದೂರು ಬಂದರೆ ನನ್ನ ಕೈ ಮೊದಲು ಹೋಗುವುದು ಟ್ಯಾಂಕಿನ ಗೋಡೆಗೆ. ಇನ್ನೊಂದು, ಅದು ನಾನೈಲ್‌ಫಿನಾಲ್ ಎಥಾಕ್ಸಿಲೇಟ್ ಹೌದೇ? ಹೌದಾದರೆ ಬೇಡ. ಅದು ಒಡೆದು ಉಳಿಯುವ ನಾನೈಲ್‌ಫಿನಾಲ್ ಜಲಚರಗಳ ಹಾರ್ಮೋನುಗಳನ್ನು ಏರುಪೇರು ಮಾಡುತ್ತದೆ. ಯುರೋಪಿನಲ್ಲಿ ಅದಕ್ಕೆ ನಿರ್ಬಂಧವಿದೆ. ಆಲ್ಕೋಹಾಲ್ ಎಥಾಕ್ಸಿಲೇಟ್ ಕೇಳಿ. ನಮ್ಮ ಯಾರ್ಡುಗಳಿಂದ ಹರಿದ ನೀರು ಕೊನೆಗೆ ಸೇರುವುದು ಯಾವುದೋ ಊರಿನ ಕೆರೆಯನ್ನು. ನೀರು ನಿಂತು ತಿಳಿಯಾಗುವ ಗುಂಡಿ ಇಲ್ಲದೆ ಈ ಕೆಲಸ ಆರಂಭಿಸಬಾರದು.

ಪ್ರಮಾಣದ ಲೆಕ್ಕ

ಡ್ರಮ್ಮಿನಲ್ಲಿರುವುದೆಲ್ಲ ಔಷಧಿಯಲ್ಲ. ಸಕ್ರಿಯ ಅಂಶ 25 ಪ್ರತಿಶತ ಎಂದು ಚೀಟಿಯಲ್ಲಿದ್ದರೆ, ಸಾವಿರ ಲೀಟರಿಗೆ ಒಂದು ಲೀಟರ್ ಹಾಕಿದಾಗ ನಿಜಕ್ಕೂ ಸೇರುವುದು ಲೀಟರಿಗೆ ಸುಮಾರು 250 ಮಿಲಿಗ್ರಾಂ. ಇದು ಸಾಕೋ ಸಾಲದೋ ಎಂಬುದು ಔಷಧಿಯ ಜಾತಿಯ ಮೇಲೆ ನಿಂತಿದೆ. ಸರ್ಫ್ಯಾಕ್ಟಂಟ್‌ನ ಅಣುಗಳು ಒಂದು ಸಾಂದ್ರತೆ ದಾಟಿದ ಮೇಲೆ ತಮ್ಮತಮ್ಮಲ್ಲೇ ಗುಂಪುಗಟ್ಟುತ್ತವೆ. ಆ ಗುಂಪಿಗೆ ಮೈಸೆಲ್ ಎನ್ನುತ್ತಾರೆ. ಅಲ್ಲಿಂದಾಚೆಗೆ ಎಷ್ಟು ಹಾಕಿದರೂ ಮೇಲ್ಮೈ ಎಳೆತ ಹೆಚ್ಚು ಇಳಿಯುವುದಿಲ್ಲ. ಋಣ ವಿದ್ಯುದಂಶದ ಜಾತಿಯ ಸೋಡಿಯಂ ಡೋಡೆಸೈಲ್ ಸಲ್ಫೇಟಿಗೆ ಶುದ್ಧ ನೀರಿನಲ್ಲಿ ಈ ಮಟ್ಟ ಲೀಟರಿಗೆ 2.3 ಗ್ರಾಂ ಹತ್ತಿರ. ಅನೇಕ ನಾನ್‌ಅಯಾನಿಕ್‌ಗಳಿಗೆ ಅದಕ್ಕಿಂತ ಎಷ್ಟೋ ಕಡಿಮೆ. ಆದ್ದರಿಂದ ಒಂದು ಔಷಧಿಯ ಪ್ರಮಾಣವನ್ನು ಇನ್ನೊಂದಕ್ಕೆ ಹೊಂದಿಸಬಾರದು. ಲೋಟ ಪರೀಕ್ಷೆಯಲ್ಲೇ ಅರ್ಧ, ಒಂದು, ಎರಡು ಪಟ್ಟು ಹಾಕಿ ನೋಡಿ. ಎರಡು ಪಟ್ಟಿಗೂ ಒಂದು ಪಟ್ಟಿಗೂ ಮುಳುಗುವ ಸಮಯ ಬದಲಾಗದಿದ್ದರೆ ಕಡಿಮೆಯದೇ ಸಾಕು. ಮಿಕ್ಕದ್ದು ನೊರೆಯಾಗಿ ಪಂಪಿಗೆ ಗಾಳಿ ಹಿಡಿಸುತ್ತದೆ.

ಲೋಟದಲ್ಲಿ ಮುಳುಗುತ್ತದೆ, ಹಾಪರಿನಲ್ಲಿ ಏಳುತ್ತದೆ

ನೀರನ್ನು ಸರಿಪಡಿಸಿದ ಮೇಲೆ ಕನ್ವೇಯರಿನ ಧೂಳು ತಗ್ಗಿತು, ಹಾಪರಿನದು ತಗ್ಗಲಿಲ್ಲ. ಇದು ಬೇರೆಯದೇ ದೋಷ.

ರಾಗಿ ಹಿಟ್ಟಿಗೆ ಮೇಲಿನಿಂದ ನೀರು ಸುರಿದು ಕಲಸದೆ ಬಿಟ್ಟರೆ ಗಂಟು ಕಟ್ಟುತ್ತದೆ. ಗಂಟಿನ ಹೊರಗೆ ಒದ್ದೆ, ಒಡೆದರೆ ಒಳಗೆ ಒಣ ಹಿಟ್ಟು. ಕಲ್ಲಿದ್ದಲಿನ ರಾಶಿಯ ಮೇಲೆ ನೀರು ಸುರಿದಾಗಲೂ ಹಾಗೆಯೇ ಆಗುತ್ತದೆ. ರಾಶಿಯನ್ನು ಸಲಿಕೆಯಿಂದ ಕದಡಿದೊಡನೆ ಒಳಗಿನ ಒಣ ಧೂಳು ಹೊರಬರುತ್ತದೆ. ನೀರು ಕಲ್ಲಿದ್ದಲು ಮಗುಚುವ ಜಾಗದಲ್ಲೇ, ಮಗುಚುವ ಹೊತ್ತಿನಲ್ಲೇ ಬೀಳಬೇಕು.

ಆ ಹಾಪರಿನಲ್ಲಿ ನಾಜಲ್‌ಗಳನ್ನು ಬಾಯಿಯ ಮೇಲೆ, ಎದ್ದ ಧೂಳಿನ ಮೋಡಕ್ಕೆ ಎದುರಾಗಿ ಇಟ್ಟಿದ್ದರು. ನೋಡುವವರಿಗೆ ಇದು ಸರಿಯೆನಿಸುತ್ತದೆ. ಆದರೆ ದಪ್ಪ ಹನಿಯೊಂದು ಗಾಳಿಯಲ್ಲಿ ಸಾಗುವಾಗ ಅದರ ಸುತ್ತ ಗಾಳಿ ಸರಿದುಕೊಳ್ಳುತ್ತದೆ, ನುಣ್ಣನೆಯ ಕಣ ಆ ಗಾಳಿಯ ಜೊತೆ ಪಕ್ಕಕ್ಕೆ ಜಾರಿ ತಪ್ಪಿಸಿಕೊಳ್ಳುತ್ತದೆ. ಹನಿ ಕಣದಷ್ಟೇ ಸಣ್ಣದಾದಷ್ಟೂ ಹಿಡಿಯುವ ಸಾಧ್ಯತೆ ಹೆಚ್ಚು. ಮೇಲಾಗಿ, ರಭಸದ ಸ್ಪ್ರೇ ತನ್ನೊಡನೆ ಗಾಳಿಯನ್ನು ತಳ್ಳಿಕೊಂಡು ಹೋಗುತ್ತದೆ. ಆ ಗಾಳಿ ಹಾಪರಿನ ಒಳಗಿನ ಧೂಳನ್ನು ಸಲಿಕೆ ಹಿಡಿದವನ ಮುಖಕ್ಕೇ ಮರಳಿಸುತ್ತಿತ್ತು. ಗಣಿಯಲ್ಲಿ ಕತ್ತರಿಸುವ ಯಂತ್ರದ ಮುಂದೆ ಇದೇ ತಪ್ಪನ್ನು ನಾನು ಹಲವು ಬಾರಿ ಕಂಡಿದ್ದೇನೆ. ನಾಜಲ್‌ಗಳನ್ನು ಹಿಂದಕ್ಕೆ ಸರಿಸಿ, ಕಲ್ಲಿದ್ದಲು ಬೀಳುವ ಮೊದಲೇ ಅದರ ಮೈ ಮೇಲೆ ಕಡಿಮೆ ಒತ್ತಡದಲ್ಲಿ ಬೀಳುವಂತೆ ಮಾಡಿದೆವು. ಹಾಪರಿನ ಮೂರು ಕಡೆಗೆ ರಬ್ಬರ್ ಪರದೆ ಕಟ್ಟಿದೆವು. ಧೂಳು ಹುಟ್ಟದಂತೆ ತಡೆಯುವುದು, ಹುಟ್ಟಿದ ಮೇಲೆ ಹಿಡಿಯುವುದಕ್ಕಿಂತ ಎಷ್ಟೋ ಸುಲಭ.

ಇನ್ನೊಂದು ಸೂಕ್ಷ್ಮವಿದೆ. ನಾಜಲ್ ಬಿಟ್ಟ ಹನಿ ಕಲ್ಲಿದ್ದಲನ್ನು ಮುಟ್ಟಲು ಸೆಕೆಂಡಿನ ಒಂದು ಸಣ್ಣ ಭಾಗ ಸಾಕು. ಹೊಸದಾಗಿ ಹುಟ್ಟಿದ ಆ ಹನಿಯ ಮೈಗೆ ಸರ್ಫ್ಯಾಕ್ಟಂಟ್ ಅಣುಗಳು ಅಷ್ಟರೊಳಗೆ ಬಂದು ಸೇರಬೇಕು. ಕೆಲವು ಔಷಧಿಗಳ ಅಣು ನಿಧಾನ. ನಿಂತ ನೀರಿನಲ್ಲಿ ಅಳೆದಾಗ ಮೇಲ್ಮೈ ಎಳೆತ ಚೆನ್ನಾಗಿ ಇಳಿದಿದ್ದರೂ ಹಾರುವ ಹನಿ ಬರಿಯ ನೀರಿನಂತೆಯೇ ವರ್ತಿಸುತ್ತದೆ. ಎಲ್ಲ ಪರೀಕ್ಷೆ ಸರಿಯಾಗಿಯೂ ಫಲ ಸಿಗದಿದ್ದರೆ ಮಾರಾಟಗಾರರನ್ನು ಈ ವೇಗದ ಬಗ್ಗೆಯೇ ಕೇಳಿ.

ಕೊನೆಗೆ ಮೇಲ್ವಿಚಾರಕರು ಎತ್ತುವ ಆಕ್ಷೇಪ: ನೀರು ಹೆಚ್ಚಾದರೆ ಕಲ್ಲಿದ್ದಲಿನ ಶಾಖ ಹೋಗುತ್ತದೆ. ಲೆಕ್ಕ ಹಾಕೋಣ. ಟನ್ನಿಗೆ 10 ಲೀಟರ್ ನೀರು ಸೇರಿದರೆ ಅದನ್ನು ಕಾಯಿಸಿ ಆವಿ ಮಾಡಲು ಸುಮಾರು 6,200 ಕಿಲೊಕ್ಯಾಲೊರಿ ಬೇಕು. ಕಿಲೊಗೆ 4,000 ಕಿಲೊಕ್ಯಾಲೊರಿಯ ಕಲ್ಲಿದ್ದಲಾದರೆ ಒಂದು ಟನ್ನಿನಲ್ಲಿರುವುದು 40 ಲಕ್ಷ. ನಷ್ಟ ಶೇಕಡಾ 0.16ರಷ್ಟು. ಔಷಧಿ ಸರಿಯಿದ್ದರೆ ಕಡಿಮೆ ನೀರಿನಲ್ಲೇ ಕೆಲಸ ಮುಗಿಯುತ್ತದೆ ಎಂಬುದೂ ನೆನಪಿರಲಿ. ನಿಜವಾದ ಅಪಾಯ ಬೇರೆ ಕಡೆ ಇದೆ: ಬಹುದಿನ ನಿಂತ ರಾಶಿಯನ್ನು ಮತ್ತೆ ಮತ್ತೆ ನೆನೆಸಿ ಒಣಗಿಸಿದರೆ ಅದು ತಾನಾಗಿ ಬಿಸಿಯೇರಬಹುದು. ಹಳೆಯ ರಾಶಿಯಲ್ಲಿ ಹಬೆ, ವಾಸನೆ ಕಂಡರೆ ಸ್ಪ್ರೇ ನಿಲ್ಲಿಸಿ ಉಷ್ಣತೆ ನೋಡಿ.

ಕಣ್ಣಿಗೆ ಕಾಣದ ಧೂಳು

ಶೆಡ್ ತಿಳಿಯಾಯಿತೆಂದು ಮಾಸ್ಕ್ ತೆಗೆಯಬೇಡಿ. ಶ್ವಾಸಕೋಶದ ಆಳಕ್ಕೆ ಇಳಿಯುವ ಕಣ 5 ಮೈಕ್ರಾನ್‌ನ ಆಸುಪಾಸಿನದು ಮತ್ತು ಅದಕ್ಕಿಂತ ಸಣ್ಣದು. ನಿಶ್ಚಲ ಗಾಳಿಯಲ್ಲಿ 5 ಮೈಕ್ರಾನ್‌ನ ಕಲ್ಲಿದ್ದಲು ಕಣ ಸೆಕೆಂಡಿಗೆ ಸುಮಾರು ಒಂದು ಮಿಲಿಮೀಟರ್ ಇಳಿಯುತ್ತದೆ. ಮೂಗಿನ ಮಟ್ಟದಿಂದ ನೆಲ ಮುಟ್ಟಲು 25 ನಿಮಿಷ. ಅಷ್ಟು ಹೊತ್ತಿನಲ್ಲಿ ಒಬ್ಬ ಮನುಷ್ಯ ನೂರಾರು ಸಲ ಉಸಿರೆಳೆಯುತ್ತಾನೆ. ಅಮೆರಿಕದ ಕಲ್ಲಿದ್ದಲು ಗಣಿಗಳಲ್ಲಿ ಇಂಥ ಧೂಳಿನ ಮಿತಿಯನ್ನು ಘನ ಮೀಟರಿಗೆ 2 ಮಿಲಿಗ್ರಾಂನಿಂದ 2016ರಲ್ಲಿ 1.5ಕ್ಕೆ ಇಳಿಸಿದರು. ಈ ಅಂಕಿಯನ್ನು ಕಣ್ಣು ಅಳೆಯಲಾರದು. ಕೆಲಸಗಾರನ ಕಾಲರಿಗೆ ಸಿಕ್ಕಿಸುವ ಸ್ಯಾಂಪ್ಲರ್ ಇಟ್ಟು, ಇಡೀ ಪಾಳಿಯ ಗಾಳಿ ಹೀರಿಸಿ, ಧೂಳು ಹಿಡಿದ ಅದರ ಫಿಲ್ಟರ್ ತೂಗಿಸಿ ನೋಡಬೇಕು. ಔಷಧಿ ಬದಲಿಸುವ ಮೊದಲು ಒಂದು ಸಲ, ಬದಲಿಸಿದ ಮೇಲೆ ಒಂದು ಸಲ.

ಆ ಕಾರ್ಖಾನೆಯಲ್ಲಿ ಈಗ ಹೊಸ ಡ್ರಮ್ ಬಂದ ದಿನ, ಕಲ್ಲಿದ್ದಲಿನ ಮೂಲ ಬದಲಾದ ದಿನ, ಬೋರ್‌ವೆಲ್ ಬದಲಿಸಿದ ದಿನ ಲೋಟ ಪರೀಕ್ಷೆ ಮಾಡುತ್ತಾರೆ. ಪ್ರತಿ ಡ್ರಮ್ಮಿನಿಂದ ಒಂದು ಸೀಸೆ ತೆಗೆದು, ತಾರೀಖು ಬರೆದು, ನೆರಳಿನಲ್ಲಿ ಇಡುತ್ತಾರೆ. ಪರೀಕ್ಷೆಯ ವಹಿ ಇರುವುದು ಆ ಅರಸೀಕೆರೆಯ ಹಿರಿಯರ ಕೈಯಲ್ಲಿ.